ಟರ್ಬೊ ವಾಹನದ ಹೊಗೆ: ಬಣ್ಣ ನೋಡಿ ಬೇನೆ ತಿಳಿಯುವ ಬಗೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ವ್ಯಾಪಾರೋದ್ಯಮವು ರಸ್ತೆ ಸಾರಿಗೆಯನ್ನು ನೆಚ್ಚಿ ಬೆಳೆದದ್ದು. ಪುಣೆ-ಬೆಂಗಳೂರು ಹೆದ್ದಾರಿ ಹಾಗೂ ಅಂಕೋಲಾ-ಗುತ್ತಿ ಹೆದ್ದಾರಿ ಇಲ್ಲಿ ಕೂಡುತ್ತವೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭವಾದ ವಿ.ಆರ್.ಎಲ್. ಸಂಸ್ಥೆಯ ಕೇಂದ್ರಸ್ಥಾನ ಹುಬ್ಬಳ್ಳಿ. 1997ರಲ್ಲಿ ರೂಪುಗೊಂಡ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಯೂ ಇಲ್ಲಿಯದೇ. ಇಂತಹ ಸಂಸ್ಥೆಗಳಿಗೆ ಸ್ವಂತ ವರ್ಕ್‌ಶಾಪ್, ಅಳತೆಯ ಉಪಕರಣ, ಅನುಭವಿ ಫೋರ್‌ಮನ್ ಎಲ್ಲವೂ ಇರುತ್ತವೆ. ಒಂದು ಕಾರು, ಒಂದು ಪಿಕಪ್ ಇಟ್ಟುಕೊಂಡಿರುವ ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಯವರಿಗಾಗಲಿ, ತಾರಿಹಾಳ ಅಥವಾ ಗೋಕುಲ ರಸ್ತೆಯ ಸಣ್ಣ ಕಾರ್ಖಾನೆದಾರರಿಗಾಗಲಿ ಆ ಅನುಕೂಲವಿಲ್ಲ. ವಾಹನ ಹೊಗೆ ಬಿಡಲಾರಂಭಿಸಿದರೆ ಗ್ಯಾರೇಜಿನವರು ಹೇಳಿದ್ದೇ ತೀರ್ಪು, ಅವರು ಬರೆದದ್ದೇ ಬಿಲ್ಲು.

ಸಾಮಾನ್ಯವಾಗಿ ಕಂಡುಬರುವ ಸನ್ನಿವೇಶವೊಂದನ್ನು ನೋಡಬಹುದು. ಹತ್ತಿ ವ್ಯಾಪಾರಿಯೊಬ್ಬರ ಡೀಸೆಲ್ ಕಾರು ಅಂಕೋಲಾ ಕಡೆಯಿಂದ ಅರಬೈಲ್ ಘಟ್ಟ ಏರುವಾಗ ಹಿಂದೆ ಕರಿಹೊಗೆ ಕಾರುತ್ತದೆ, ಎಳೆತವೂ ಕುಗ್ಗುತ್ತದೆ. ಮರುದಿನ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದ ಐದೇ ನಿಮಿಷದಲ್ಲಿ ‘ಟರ್ಬೊ ಹೋಗೇದರಿ’ ಎಂಬ ಮಾತು ಬರುತ್ತದೆ. ಹತ್ತಾರು ಸಾವಿರ ರೂಪಾಯಿ ಕೊಟ್ಟು ಹೊಸ ಟರ್ಬೊ ಹಾಕಿಸಲಾಗುತ್ತದೆ. ಸುಗ್ಗಿಯ ದಿನಗಳಲ್ಲಿ ಕಾರು ವಾರಗಟ್ಟಲೆ ನಿಲ್ಲುತ್ತದೆ. ಮತ್ತೆ ಘಟ್ಟ ಏರಿದಾಗ ಅದೇ ಹೊಗೆ. ಕಡೆಗೆ ಪತ್ತೆಯಾಗುವುದು ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪಿನ ಕೆಳಮಗ್ಗುಲಲ್ಲಿದ್ದ ಅಂಗುಲದಷ್ಟು ಸೀಳು. ಹಳೆಯ ಟರ್ಬೊ ಅಷ್ಟರಲ್ಲಿ ಗುಜರಿ ಸೇರಿರುತ್ತದೆ.

ಇದರಲ್ಲಿ ಮೆಕ್ಯಾನಿಕರ ಅಪ್ರಾಮಾಣಿಕತೆಗಿಂತ ಅಭ್ಯಾಸದ ಪಾಲೇ ಹೆಚ್ಚು. ಅಂಬಾಸಡರ್ ಡೀಸೆಲ್ ಕಾರಿನ ಮೇಲೆ, ಇಲ್ಲವೇ 2005ರಲ್ಲಿ ಬಂದ ಎರಡು ಸಿಲಿಂಡರಿನ ಟಾಟಾ ಏಸ್ ಮೇಲೆ ಕೈ ಪಳಗಿಸಿಕೊಂಡವರಿಗೆ ಹೊಗೆಯ ವಿಷಯದಲ್ಲಿ ಆರೋಪಿಗಳು ಮೂವರೇ ಇದ್ದರು: ಪಂಪು, ನಾಜಲ್, ರಿಂಗು. ಆ ಎಂಜಿನ್‌ಗಳಲ್ಲಿ ಟರ್ಬೊ ಇರಲಿಲ್ಲ. ಟರ್ಬೊ ಬಂದ ಮೇಲೆ ನಾಲ್ಕನೆಯ ಆರೋಪಿಯೊಬ್ಬ ಸೇರಿಕೊಂಡ. ಅಂದಿನಿಂದ ಎಲ್ಲ ಅಪರಾಧವೂ ಅವನ ತಲೆಗೇ ಬೀಳುತ್ತಿದೆ. ವಾಸ್ತವವಾಗಿ ಟರ್ಬೊ ತಾನಾಗಿ ಕೆಡುವುದು ಅಪರೂಪ. ಕೊಳಕು ಆಯಿಲ್, ಆಯಿಲ್ ಕೊರತೆ, ಒಳನುಗ್ಗಿದ ಧೂಳು ಇವುಗಳಲ್ಲಿ ಒಂದು ಅದನ್ನು ಕೆಡಿಸಿರುತ್ತದೆ. ಆ ಮೂಲ ಕಾರಣವನ್ನು ಹಾಗೆಯೇ ಬಿಟ್ಟು ಹೊಸ ಟರ್ಬೊ ಕೂಡಿಸಿದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಟರ್ಬೊ ಮಾಡುವ ಕೆಲಸ

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕಿಲೋಗ್ರಾಂ ಗಾಳಿ ಬೇಕು. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವ ಅವಳಿ ನಗರದ ಹವೆಯಲ್ಲಿ ಇದು ಹನ್ನೊಂದು ಸಾವಿರ ಲೀಟರಿನಷ್ಟು ಗಾಳಿ. ಇದು ಕನಿಷ್ಠ ಲೆಕ್ಕ. ಹೊಗೆಯಿಲ್ಲದೆ ಉರಿಯಬೇಕಾದರೆ ಡೀಸೆಲ್ ಎಂಜಿನ್‌ಗೆ ಇದಕ್ಕಿಂತಲೂ ಹೆಚ್ಚು ಗಾಳಿ ಬೇಕು. ಸಣ್ಣ ಎಂಜಿನ್ ತನ್ನ ಸ್ವಂತ ಉಸಿರಿನಿಂದ ಎಳೆದುಕೊಳ್ಳುವ ಗಾಳಿಗೆ ಮಿತಿಯಿದೆ. ಹೊರಗೆ ವ್ಯರ್ಥವಾಗಿ ಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದರು.

ಟರ್ಬೊದ ರಚನೆ ಸರಳ. ಒಂದು ಸಣ್ಣ ಉಕ್ಕಿನ ದಂಡ, ಅದರ ಎರಡು ತುದಿಗೆ ಎರಡು ರೆಕ್ಕೆಚಕ್ರಗಳು. ಹೊಗೆ ಹಾಯುವ ಕಡೆ ಬಿಸಿ ಬದಿ. ಶುದ್ಧ ಗಾಳಿ ಹಾಯುವ ಕಡೆ ತಂಪು ಬದಿ. ನಡುವೆ ದಂಡವನ್ನು ಹಿಡಿದಿರುವುದು ಬೇರಿಂಗ್. ಅಲ್ಲಿ ಎಂಜಿನ್ ಆಯಿಲ್‌ನ ತೆಳುವಾದ ಪದರದ ಮೇಲೆ ದಂಡ ತೇಲುತ್ತಿರುತ್ತದೆ. ಕಾರಿನ ಸಣ್ಣ ಟರ್ಬೊ ಪೂರ್ಣ ಭಾರದಲ್ಲಿ ನಿಮಿಷಕ್ಕೆ ಒಂದೂವರೆಯಿಂದ ಎರಡು ಲಕ್ಷ ಸುತ್ತು ತಿರುಗುತ್ತದೆ. ಈ ವೇಗದಲ್ಲಿ ಕೆಲವೇ ಕ್ಷಣ ಆಯಿಲ್ ನಿಂತರೂ ಬೇರಿಂಗ್ ಸವೆಯುತ್ತದೆ. ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ಅದನ್ನು ಇಂಟರ್‌ಕೂಲರ್ ಎಂಬ ಜಾಲರಿಯ ಮೂಲಕ ಹಾಯಿಸಿ ತಣಿಸಲಾಗುತ್ತದೆ. ಆದ್ದರಿಂದ ಟರ್ಬೊ ವಾಹನದಲ್ಲಿ ಹೊಗೆಯ ಕಾರಣ ಹುಡುಕುವುದೆಂದರೆ ಮೂರು ದಾರಿಗಳನ್ನು ಹುಡುಕುವುದು: ಗಾಳಿಯ ದಾರಿ, ಡೀಸೆಲ್ಲಿನ ದಾರಿ, ಆಯಿಲ್‌ನ ದಾರಿ. ಕರಿಹೊಗೆ ಮೊದಲೆರಡರ ಕಡೆಗೂ ನೀಲಿಹೊಗೆ ಮೂರನೆಯದರ ಕಡೆಗೂ ಬೆರಳು ತೋರಿಸುತ್ತದೆ. ಬಿಳಿಹೊಗೆಯಲ್ಲಿ ಮಾತ್ರ ನಾಲ್ಕನೆಯದಾಗಿ ನೀರೂ ಬಂದು ಸೇರುತ್ತದೆ.

ಗ್ಯಾರೇಜಿಗೆ ಹೋಗುವ ಮುಂಚೆ ಮಾಲೀಕರಾಗಲಿ ಡ್ರೈವರ್ ಆಗಲಿ ಗಮನಿಸಿ ಬರೆದಿಟ್ಟುಕೊಳ್ಳಬೇಕಾದ ಸಂಗತಿಗಳು ಕೆಲವಿವೆ. ಹೊಗೆ ಬರುವುದು ಬೆಳಗಿನ ಮೊದಲ ಸ್ಟಾರ್ಟಿನಲ್ಲೋ, ನಿಂತಲ್ಲೇ ಎಂಜಿನ್ ಓಡುವಾಗಲೋ, ಭಾರ ಎಳೆಯುವಾಗಲೋ? ಎಂಜಿನ್ ಕಾದ ಮೇಲೆ ಅದು ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ? ಹೋದ ತಿಂಗಳಿಗಿಂತ ಆಯಿಲ್ ಎಷ್ಟು ಇಳಿದಿದೆ, ಕೂಲಂಟ್ ಎಷ್ಟು ಇಳಿದಿದೆ? ಈ ಹೊಗೆ ಯಾವ ರಿಪೇರಿಯ ನಂತರ ಆರಂಭವಾಯಿತು? ಕೊನೆಯ ಪ್ರಶ್ನೆಯನ್ನು ಬಹಳಷ್ಟು ಮಂದಿ ಮರೆಯುತ್ತಾರೆ. ಸರ್ವಿಸ್ ಆದ ಮರುದಿನವೇ ಹುಟ್ಟಿದ ಹೊಗೆಗೆ ಸರ್ವಿಸಿನಲ್ಲಿಯೇ ಕಾರಣ ಹುಡುಕುವುದು ಲೇಸು. ಸಡಿಲ ಉಳಿದ ಕ್ಲಾಂಪು, ಮಟ್ಟ ಮೀರಿ ಸುರಿದ ಆಯಿಲ್, ಜೋಡಿಸಲು ಮರೆತ ಪೈಪು ಇವು ಅಪರೂಪವಲ್ಲ.

ಕರಿಹೊಗೆ

ಕರಿಹೊಗೆ ಎಂದರೆ ಅರೆಬರೆ ಉರಿದ ಡೀಸೆಲ್ಲಿನ ಮಸಿ. ಗಾಳಿ ಕಡಿಮೆಯಾಗಿರಬೇಕು, ಇಲ್ಲವೇ ಡೀಸೆಲ್ ಹೆಚ್ಚಾಗಿರಬೇಕು. ಅಗ್ಗದ ಕಾರಣಗಳು ಬಹುಮಟ್ಟಿಗೆ ಗಾಳಿಯ ಕಡೆ ಇರುವುದರಿಂದ ಪರೀಕ್ಷೆಯೂ ಅಲ್ಲಿಂದಲೇ ಆರಂಭವಾಗಬೇಕು.

ಮೊದಲನೆಯದು ಏರ್ ಫಿಲ್ಟರ್. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರಿನ ಲೆಕ್ಕ ಸ್ವಚ್ಛ ರಸ್ತೆಗಳಿಗೆ ಹೇಳಿದ್ದು. ಹುಬ್ಬಳ್ಳಿಯ ಧೂಳಿನಲ್ಲಿ, ಬೇಸಿಗೆಯಲ್ಲಿ ಎರೆಮಣ್ಣಿನ ಹೊಲದಾರಿಗಳಲ್ಲಿ, ಜಿನ್ನಿಂಗ್ ಕಾರ್ಖಾನೆಯ ಆವರಣದ ಹತ್ತಿಯ ನವಿರಿನ ನಡುವೆ ಓಡಾಡುವ ವಾಹನಕ್ಕೆ ಅದರ ಅರ್ಧಕ್ಕೇ ಫಿಲ್ಟರ್ ಬದಲಿಸಬೇಕಾಗಿ ಬರಬಹುದು. ಫಿಲ್ಟರನ್ನು ಜೋರಾದ ಗಾಳಿಯ ಪೈಪಿನಿಂದ ಊದಿ ಮತ್ತೆ ಮತ್ತೆ ಹಾಕುವ ಪದ್ಧತಿ ಇಲ್ಲಿ ರೂಢಿಯಲ್ಲಿದೆ. ಹಾಗೆ ಊದಿದಾಗ ಕಾಗದದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಾಗಿ ಧೂಳು ನೇರವಾಗಿ ಟರ್ಬೊದ ತಂಪು ಬದಿಯ ರೆಕ್ಕೆಗೆ ಬಡಿಯುತ್ತದೆ. ರೆಕ್ಕೆಯ ಅಂಚು ಸವೆದ ಟರ್ಬೊ ಮತ್ತೆ ಸರಿಹೋಗುವುದಿಲ್ಲ. ನೂರುಗಳ ಲೆಕ್ಕದ ಫಿಲ್ಟರಿನಲ್ಲಿ ಉಳಿಸಹೋಗಿ ಸಾವಿರಗಳನ್ನು ಕಳೆಯುವ ವ್ಯವಹಾರವಿದು.

ಎರಡನೆಯದು ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಪೈಪುಗಳು. ಒತ್ತಿದ ಗಾಳಿ ಇಲ್ಲಿ ಸೋರಿದರೆ ನಿಂತ ವಾಹನದಲ್ಲಿ ಏನೂ ಗೊತ್ತಾಗುವುದಿಲ್ಲ. ಏರಿನಲ್ಲಿ ಭಾರ ಬಿದ್ದಾಗ ಮಾತ್ರ ‘ಸುಸ್’ ಎಂಬ ಸದ್ದು, ಕರಿಹೊಗೆ, ಸೋತ ಎಳೆತ. ಸೀಳಿದ ಜಾಗದ ಸುತ್ತ ಆಯಿಲ್ ಮಿಶ್ರಿತ ಧೂಳು ಅಂಟಿಕೊಂಡಿರುವುದು ಒಳ್ಳೆಯ ಸುಳಿವು. ಪೈಪನ್ನು ಬಿಚ್ಚಿ, ಬಾಗಿಸಿ, ಕೆಳಬದಿಯನ್ನು ಬೆಳಕಿಗೆ ಹಿಡಿದು ನೋಡದೆ ‘ಪೈಪು ಸರಿ ಇದೆ’ ಎನ್ನಬಾರದು. ಸಾಬೂನಿನ ನೀರು ಹಚ್ಚಿ, ಪೈಪುಗಳೊಳಗೆ ಅಲ್ಪ ಒತ್ತಡದ ಗಾಳಿ ತುಂಬಿ ಗುಳ್ಳೆ ಬರುವುದನ್ನು ನೋಡುವ ಪರೀಕ್ಷೆ ಅರ್ಧ ಗಂಟೆಯ ಕೆಲಸ.

ಮೂರನೆಯದು ಇಜಿಆರ್ ವಾಲ್ವ್. ಹೊಗೆಯ ಒಂದು ಅಂಶವನ್ನು ಮತ್ತೆ ಎಂಜಿನ್ನಿನೊಳಗೆ ಬಿಟ್ಟು ಉರಿಯ ಕಾವನ್ನು ತಗ್ಗಿಸುವ, ಆ ಮೂಲಕ ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಮಾಡುವ ಬಾಗಿಲು ಇದು. ಮಸಿ ಕಟ್ಟಿ ತೆರೆದೇ ಉಳಿದರೆ ತಾಜಾ ಗಾಳಿಯ ಜಾಗವನ್ನು ಹೊಗೆ ಆಕ್ರಮಿಸುತ್ತದೆ. ಹಾಗೆಯೇ, ಟರ್ಬೊದ ಬಿಸಿ ಬದಿಯಲ್ಲಿ ತೆರೆದು ಮುಚ್ಚುವ ಸಣ್ಣ ಹಲಗೆಗಳಿರುವ ಮಾದರಿಗಳಲ್ಲಿ ಅವು ಮಸಿಯಿಂದ ಸಿಕ್ಕಿಕೊಂಡರೂ, ಅವನ್ನು ನಡೆಸುವ ವ್ಯಾಕ್ಯೂಮ್ ಪೈಪು ಹರಿದರೂ ಕಡಿಮೆ ವೇಗದಲ್ಲಿ ಕರಿಹೊಗೆ ಬರುತ್ತದೆ. ಕಾಳಿನ ಗೋದಾಮಿನ ಬಳಿ ರಾತ್ರಿ ನಿಲ್ಲುವ ವಾಹನಗಳಲ್ಲಿ ಈ ಪೈಪನ್ನು ಇಲಿ ಕಡಿದಿರುವ ಸಾಧ್ಯತೆಯನ್ನು ನಗೆಯಾಡಿ ತಳ್ಳಿಹಾಕಬಾರದು.

ಗಾಳಿಯ ದಾರಿ ಸರಿಯಿದ್ದರೆ ಆಗ ಡೀಸೆಲ್ಲಿನ ಕಡೆ ಹೋಗಬೇಕು. ನಾಜಲ್ ಸವೆದು ತುಂತುರಿನ ಬದಲು ಹನಿ ಬಿಡುತ್ತಿದ್ದರೆ ಹೊಗೆಯ ಜೊತೆಗೆ ‘ಟಕ ಟಕ’ ಸದ್ದೂ ಕೇಳುತ್ತದೆ. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಸ್ಕ್ಯಾನರ್ ಜೋಡಿಸಿದರೆ ಯಾವ ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗುತ್ತಿದೆ, ಗಾಳಿಯ ಒತ್ತಡ ಬೇಕಾದಷ್ಟು ಬರುತ್ತಿದೆಯೇ ಎಂಬುದನ್ನು ಕಾಣಬಹುದು. ಬೇಕಾದ ಒತ್ತಡವೂ ಬಂದ ಒತ್ತಡವೂ ಹೊಂದಿಕೆಯಾದರೆ ಟರ್ಬೊ ನಿರ್ದೋಷಿ; ಆ ಅಂಕಿಗಳನ್ನು ತೋರಿಸುವಂತೆ ಕೇಳುವ ಹಕ್ಕು ಗ್ರಾಹಕನಿಗಿದೆ. ಹಳೆಯ ಮೆಕ್ಯಾನಿಕಲ್ ಪಂಪಿನ ವಾಹನಗಳಲ್ಲಿ ಬೇರೊಂದು ರೋಗವಿದೆ. ‘ಪಿಕಪ್ ಬರಲಿ’ ಎಂದು ಪಂಪಿನ ಸೀಲು ಒಡೆದು ಸ್ಕ್ರೂ ತಿರುವಿಸಿಕೊಂಡ ವಾಹನ ಏರಿನಲ್ಲಿ ಚೆನ್ನಾಗಿಯೇ ಎಳೆಯುತ್ತದೆ, ಆದರೆ ಹೆಚ್ಚುವರಿ ಡೀಸೆಲ್ಲಿನ ಕಾವೆಲ್ಲ ಟರ್ಬೊದ ಬಿಸಿ ಬದಿಯ ಮೇಲೆ ಬೀಳುತ್ತದೆ. ಹೊಸ ಕಾರುಗಳಲ್ಲಿ ಕಂಪ್ಯೂಟರ್ ತಿದ್ದಿಸಿ ಶಕ್ತಿ ಹೆಚ್ಚಿಸಿಕೊಳ್ಳುವುದೂ ಇದೇ ಜಾತಿಯ ಕೆಲಸ. ಸೆಕೆಂಡ್ ಹ್ಯಾಂಡ್ ವಾಹನ ಕೊಳ್ಳುವವರು ಪಂಪಿನ ಸೀಲು ಇದೆಯೇ ಎಂದು ನೋಡುವುದು ಒಳ್ಳೆಯದು.

ನೀಲಿಹೊಗೆ

ನೀಲಿ ಅಥವಾ ಬೂದು ಮಿಶ್ರಿತ ನೀಲಿ ಬಣ್ಣ, ಕಣ್ಣುರಿಸುವ ಸುಟ್ಟ ಎಣ್ಣೆಯ ವಾಸನೆ: ಇದು ಎಂಜಿನ್ ಆಯಿಲ್ ಉರಿಯುತ್ತಿರುವ ಗುರುತು. ಟರ್ಬೊ ಹೆಸರಿನಲ್ಲಿ ಅತಿ ಹೆಚ್ಚು ಹಣ ವ್ಯರ್ಥವಾಗುವುದು ಈ ಹೊಗೆಯಲ್ಲಿಯೇ. ಆಯಿಲ್ ಸೋರಿದ್ದು ಟರ್ಬೊದಲ್ಲೇ ಇರಬಹುದು. ಸೋರಿಕೆಯ ಕಾರಣ ಬೇರೆಡೆ ಇರಬಹುದು.

ಟರ್ಬೊದ ಒಳಗೆ ಆಯಿಲ್ ತಡೆಯುವುದು ರಬ್ಬರಿನ ಸೀಲಲ್ಲ, ಪಿಸ್ಟನ್ ರಿಂಗಿನಂತಹ ಸಣ್ಣ ಲೋಹದ ಉಂಗುರ. ಎರಡೂ ಬದಿಯ ಗಾಳಿ ಮತ್ತು ಹೊಗೆಯ ಒತ್ತಡ ಅದಕ್ಕೆ ಬೆಂಬಲ. ಬೇರಿಂಗಿನಿಂದ ಹೊರಬಂದ ಆಯಿಲ್ ಕೆಳಗಿನ ದಪ್ಪ ಪೈಪಿನ ಮೂಲಕ ತನ್ನ ಭಾರದಿಂದಲೇ ಚೇಂಬರಿಗೆ ಇಳಿಯಬೇಕು. ಈ ಏರ್ಪಾಡು ಕೆಡಲು ಟರ್ಬೊ ಸವೆಯಲೇಬೇಕೆಂದಿಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡರೆ ತಂಪು ಬದಿಯಲ್ಲಿ ಹೀರಿಕೆ ಹೆಚ್ಚಿ ಆಯಿಲ್ ಉಂಗುರವನ್ನು ದಾಟಿ ಬರುತ್ತದೆ. ಇಳಿಯುವ ಪೈಪು ಮಡಚಿಕೊಂಡಿದ್ದರೆ, ಇಲ್ಲವೇ ಗ್ಯಾಸ್ಕೆಟ್ ಬದಲು ಧಾರಾಳವಾಗಿ ಹಚ್ಚಿದ ಪೇಸ್ಟು ಒಳಗೆ ಉಬ್ಬಿ ದಾರಿ ಕಟ್ಟಿದ್ದರೆ ಆಯಿಲ್ ಹಿಂದಕ್ಕೆ ನಿಂತು ಎರಡೂ ಕಡೆ ಸೋರುತ್ತದೆ. ಚೇಂಬರಿನಲ್ಲಿ ಆಯಿಲ್ ಮಟ್ಟ ಮೀರಿದ್ದರೂ ಇದೇ ಫಲ. ಇವೆಲ್ಲಕ್ಕಿಂತ ಮುಖ್ಯವಾದುದು, ಮೆಕ್ಯಾನಿಕರು ‘ಬ್ಯಾಕ್ ಕಂಪ್ರೆಷನ್’ ಎನ್ನುವ ದೋಷ. ರಿಂಗು ಸವೆದ ಎಂಜಿನ್ನಿನಲ್ಲಿ ಉರಿಯ ಒತ್ತಡ ಚೇಂಬರಿಗೆ ಇಳಿದು ಅಲ್ಲಿಂದ ಟರ್ಬೊದ ಆಯಿಲ್ ಇಳಿಯದಂತೆ ತಡೆಯುತ್ತದೆ. ಇಂತಹ ಎಂಜಿನ್ನಿಗೆ ಮೂರು ಟರ್ಬೊ ಬದಲಿಸಿದರೂ ಮೂರೂ ಹೊಗೆ ಬಿಡುತ್ತವೆ.

ಬ್ಯಾಕ್ ಕಂಪ್ರೆಷನ್ ತಿಳಿಯುವುದು ಕಷ್ಟವಲ್ಲ. ಎಂಜಿನ್ ಕಾದು ನಿಂತಲ್ಲೇ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ ಬಾಯಿಯ ಮೇಲೆ ತಿರುವಿ ಇಡಬೇಕು. ಬಿಸಿ ಆಯಿಲ್ ಸಿಡಿಯಬಹುದಾದ್ದರಿಂದ ಮುಖವನ್ನು ದೂರ ಇಟ್ಟುಕೊಳ್ಳಬೇಕು. ಮುಚ್ಚಳ ಅಲ್ಪ ಅಲುಗಿದರೆ ಚಿಂತೆಯಿಲ್ಲ. ಕುಣಿದು ಬೀಳುತ್ತಿದ್ದರೆ, ಬಾಯಿಯಿಂದ ರೈಲಿನಂತೆ ಹೊಗೆ ಉಗುಳುತ್ತಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಟರ್ಬೊಗೆ ಹಣ ಕಟ್ಟಬಾರದು. ಚೇಂಬರಿನ ಉಸಿರು ಹೊರಹೋಗುವ ಬ್ರೀದರ್ ಪೈಪು ಕಟ್ಟಿಕೊಂಡಿದ್ದರೂ ಇದೇ ಲಕ್ಷಣ ಕಾಣುವುದರಿಂದ ಅದನ್ನು ಮೊದಲು ಸ್ವಚ್ಛ ಮಾಡಿಸಬೇಕು.

ಹೊಗೆ ಬರುವ ಸಮಯವೂ ಮಾತನಾಡುತ್ತದೆ. ರಾತ್ರಿಯಿಡೀ ನಿಂತ ವಾಹನ ಬೆಳಿಗ್ಗೆ ಒಂದು ಗುಪ್ಪೆ ನೀಲಿಹೊಗೆ ಬಿಟ್ಟು ಸುಮ್ಮನಾದರೆ ವಾಲ್ವಿನ ಸೀಲಿನ ಮೇಲೆ ಸಂಶಯ ಪಡಬೇಕು. ಹತ್ತಿಪ್ಪತ್ತು ನಿಮಿಷ ನಿಂತಲ್ಲೇ ಓಡಿಸಿ ನಂತರ ಆಕ್ಸಿಲರೇಟರ್ ಒತ್ತಿದಾಗ ದಟ್ಟ ನೀಲಿ ಮೋಡ ಎದ್ದರೆ ಟರ್ಬೊ ಅಥವಾ ಅದರ ಆಯಿಲ್ ಇಳಿಯುವ ದಾರಿ. ಭಾರ ಎಳೆಯುವಾಗಲೆಲ್ಲ ಎಡೆಬಿಡದೆ ಬಂದರೆ, ಜೊತೆಗೆ ಬ್ಯಾಕ್ ಕಂಪ್ರೆಷನ್ ಇದ್ದರೆ, ರಿಂಗು.

ಇವುಗಳಿಂದಲೂ ನಿರ್ಣಯವಾಗದಿದ್ದರೆ ಬಿಚ್ಚಿ ನೋಡುವ ಪರೀಕ್ಷೆ ಉಳಿಯುತ್ತದೆ. ಇದೇ ಕೊನೆಯ ನ್ಯಾಯಾಲಯ. ಟರ್ಬೊದ ಬಿಸಿ ಬದಿಯ ಮುಂದಿನ ಸೈಲೆನ್ಸರ್ ಪೈಪನ್ನೂ, ಎಂಜಿನ್ನಿನಿಂದ ಟರ್ಬೊಗೆ ಬರುವ ಮ್ಯಾನಿಫೋಲ್ಡನ್ನೂ ಬಿಚ್ಚಬೇಕು. ಮ್ಯಾನಿಫೋಲ್ಡಿನ ಬಾಯಿಗಳು ಒಣಗಿದ್ದು ಟರ್ಬೊದ ನಂತರದ ಪೈಪು ಮಾತ್ರ ಆಯಿಲ್‌ನಿಂದ ತೊಯ್ದಿದ್ದರೆ ಸೋರಿಕೆ ಟರ್ಬೊದ ಬಿಸಿ ಬದಿಯದು. ಮ್ಯಾನಿಫೋಲ್ಡಿನ ಒಂದು ಬಾಯಿಯೇ ತೊಯ್ದಿದ್ದರೆ ಆ ಸಿಲಿಂಡರು ಅಪರಾಧಿ. ತಂಪು ಬದಿಯ ಪೈಪಿನ ಒಳಗೆ ತೆಳುವಾದ ಆಯಿಲ್ ಲೇಪ ಇರುವುದು ಸಹಜ, ಅದು ಬ್ರೀದರ್‌ನಿಂದ ಬಂದದ್ದು. ಆದರೆ ಇಂಟರ್‌ಕೂಲರನ್ನು ಬಗ್ಗಿಸಿದಾಗ ಆಯಿಲ್ ಧಾರೆಯಾಗಿ ಸುರಿದರೆ ಅದು ಸಹಜವಲ್ಲ. ಇದೇ ಸಮಯದಲ್ಲಿ ಟರ್ಬೊದ ದಂಡವನ್ನು ಬೆರಳಿನಿಂದ ಆಡಿಸಿ ನೋಡಲಾಗುತ್ತದೆ. ಆಯಿಲ್ ಪದರದ ಮೇಲೆ ತೇಲುವ ದಂಡವಾದ್ದರಿಂದ ಎಂಜಿನ್ ನಿಂತಾಗ ಅದು ಅತ್ತಿತ್ತ ಸ್ವಲ್ಪ ಅಲುಗಿಯೇ ಅಲುಗುತ್ತದೆ. ‘ನೋಡ್ರಿ, ಅಲುಗಾಡತೈತಿ’ ಎಂದು ತೋರಿಸಿ ಒಳ್ಳೆಯ ಟರ್ಬೊವನ್ನು ತೆಗೆಸಿದ ಉದಾಹರಣೆಗಳುಂಟು. ದಂಡ ಹಿಂದೆ ಮುಂದೆ ಕೈಗೆ ತಿಳಿಯುವಷ್ಟು ಸರಿದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಮಾತ್ರ ಅದು ಕೆಟ್ಟಿದೆ ಎನ್ನಬಹುದು.

ನೀಲಿಹೊಗೆಯನ್ನು ಅಲಕ್ಷಿಸಿ ವಾಹನ ಓಡಿಸುವುದರಲ್ಲಿ ಜೀವಾಪಾಯವೂ ಇದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಉರಿಯುವ ವಸ್ತು ಮತ್ತು ಗಾಳಿ ದೊರೆತರೆ ಸಾಕು. ಟರ್ಬೊದ ತಂಪು ಬದಿಯಿಂದ ಆಯಿಲ್ ಧಾರಾಳವಾಗಿ ಒಳನುಗ್ಗಿದರೆ ಎಂಜಿನ್ ಅದನ್ನೇ ಉರಿಸಿಕೊಂಡು ತಾನೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಕೀಲಿ ತೆಗೆದರೂ ನಿಲ್ಲುವುದಿಲ್ಲ. ಇಂತಹ ಹೊತ್ತಿನಲ್ಲಿ ಗೇರ್ ಬದಲಿಸುವ ವಾಹನವಾದರೆ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ದೊಡ್ಡ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಿ ನಿಲ್ಲಿಸಬೇಕು. ಅದು ಸಾಧ್ಯವಾಗದಿದ್ದರೆ ಎಲ್ಲರೂ ಇಳಿದು ದೂರ ಸರಿಯುವುದೇ ಸರಿ. ಗಾಳಿ ಎಳೆಯುವ ಬಾಯಿಗೆ ಕೈಯನ್ನೋ ಬಟ್ಟೆಯನ್ನೋ ಅಡ್ಡ ಒಡ್ಡುವ ಸಾಹಸಕ್ಕೆ ಯಾರೂ ಇಳಿಯಬಾರದು.

ಬಿಳಿಹೊಗೆ

ಧಾರವಾಡದ ಚಳಿಗಾಲದ ಬೆಳಗಿನಲ್ಲಿ ಸೈಲೆನ್ಸರಿನಿಂದ ಬರುವ ಬಿಳಿ ಆವಿ ಕೆಲವು ನಿಮಿಷದಲ್ಲಿ ಮಾಯವಾದರೆ ಅದು ರೋಗವಲ್ಲ. ಎಂಜಿನ್ ಕಾದ ಮೇಲೂ ಬಂದರೆ ವಾಸನೆಯನ್ನು ಗಮನಿಸಬೇಕು. ಡೀಸೆಲ್ಲಿನ ಕಟು ವಾಸನೆಯಿದ್ದರೆ ಅದು ಉರಿಯದೆ ಹೊರಬಂದ ಡೀಸೆಲ್. ಹೀಟರ್ ಪ್ಲಗ್ ಕೆಟ್ಟಿರುವುದು, ಒಂದು ಸಿಲಿಂಡರಿನ ಕಂಪ್ರೆಷನ್ ಇಳಿದಿರುವುದು, ಪಂಪಿನ ಟೈಮಿಂಗ್ ತಪ್ಪಿರುವುದು ಇದಕ್ಕೆ ಕಾರಣ. ಮಳೆಗಾಲದಲ್ಲಿ ಡ್ರಮ್ಮಿನಲ್ಲಿ ಇಟ್ಟ ಡೀಸೆಲ್ ಹಾಕಿದ್ದರೆ ಅದರಲ್ಲಿ ನೀರು ಸೇರಿರಬಹುದು. ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದರೆ ಕೆಳಗೆ ನೀರು ಬೇರೆಯಾಗಿ ನಿಲ್ಲುತ್ತದೆ.

ಡೀಸೆಲ್ ವಾಸನೆಯಿಲ್ಲದೆ, ಸಿಹಿ ವಾಸನೆಯ ಬಿಳಿ ಆವಿ ಬಂದು, ಹೊರಗೆಲ್ಲೂ ಸೋರದೆ ಕೂಲಂಟ್ ಇಳಿಯುತ್ತಿದ್ದರೆ ನೀರು ಸಿಲಿಂಡರಿಗೆ ಹೋಗುತ್ತಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು, ಹೆಡ್ ಬಿರುಕು ಬಿಟ್ಟಿರಬಹುದು. ಆದರೆ ಹೆಡ್ ಇಳಿಸುವ ಮುಂಚೆ ಇಜಿಆರ್ ಕೂಲರನ್ನು ಪರೀಕ್ಷಿಸಬೇಕು. ಅದರೊಳಗಿನ ನಳಿಗೆ ಸೋರಿದರೂ ಲಕ್ಷಣ ಇದೇ. ರಿಪೇರಿಯ ವೆಚ್ಚದಲ್ಲಿ ಮಾತ್ರ ಅಜಗಜಾಂತರ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲಿನ ಚಹಾದ ಬಣ್ಣಕ್ಕೆ ತಿರುಗಿದ್ದರೆ ವಾಹನವನ್ನು ಒಂದು ಕಿಲೋಮೀಟರ್ ಸಹ ಓಡಿಸದೆ ಎಳೆಸಿಕೊಂಡು ಹೋಗಬೇಕು.

ದಟ್ಟವಾದ, ರಸ್ತೆಯನ್ನೇ ಮುಚ್ಚುವ ಬಿಳಿ-ನೀಲಿ ಹೊಗೆ ಒಮ್ಮೆಲೇ ಎದ್ದು, ಅದಕ್ಕೆ ಮುಂಚೆ ಟರ್ಬೊದಿಂದ ಸೈರನ್ನಿನಂತಹ ಕೂಗು ಕೇಳಿದ್ದರೆ ಆಗ ಮಾತ್ರ ಟರ್ಬೊದ ದಂಡವೇ ಮುರಿದಿದೆ ಎಂದು ಬಹುಮಟ್ಟಿಗೆ ನಂಬಬಹುದು.

ಬಿಎಸ್-6 ವಾಹನಗಳು ಮತ್ತು ಹೊಗೆ ತಪಾಸಣೆ

2020ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಸೋಸುವ ಡಿಪಿಎಫ್ ಎಂಬ ಫಿಲ್ಟರ್ ಸೈಲೆನ್ಸರಿನ ದಾರಿಯಲ್ಲೇ ಇದೆ. ಎಂಜಿನ್ ಕರಿಹೊಗೆ ಬಿಟ್ಟರೂ ಅದು ಹೊರಗೆ ಕಾಣುವುದಿಲ್ಲ. ಹೀಗಾಗಿ ಬಣ್ಣ ನೋಡಿ ರೋಗ ಹೇಳುವ ಹಳೆಯ ವಿದ್ಯೆ ಇಲ್ಲಿ ಅರ್ಧ ಕುರುಡು. ಇಂತಹ ಕಾರಿನ ಸೈಲೆನ್ಸರ್ ಬಾಯಿಗೆ ಮಸಿ ಹತ್ತಿದ್ದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ. ಡಿಪಿಎಫ್ ದೀಪ ಪದೇ ಪದೇ ಹತ್ತುತ್ತಿದ್ದರೆ ಹಿಂದೆ ಕಣ್ಣಿಗೆ ಬೀಳುತ್ತಿದ್ದ ಹೊಗೆಯೇ ಈಗ ಆ ದೀಪದ ರೂಪದಲ್ಲಿ ಕಾಣಿಸಿಕೊಂಡಿದೆ ಎಂದು ತಿಳಿಯಬೇಕು. ಈ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಮಾರು 600 ಡಿಗ್ರಿ ಕಾವಿನಲ್ಲಿ ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕೆ ಎಂಜಿನ್ ಒಂದೇ ಸಮ ಕೆಲ ಹೊತ್ತು ಓಡಬೇಕು. ದುರ್ಗದ ಬೈಲಿನಿಂದ ಅಮರಗೋಳಕ್ಕೆ, ಅಲ್ಲಿಂದ ಮನೆಗೆ ಎಂಬಷ್ಟೇ ಓಡಾಟವಿರುವ ಕಾರಿಗೆ ಆ ಅವಕಾಶ ಸಿಗುವುದಿಲ್ಲ. ಸುಡಲು ಸಿಂಪಡಿಸಿದ ಡೀಸೆಲ್ ಆಗ ಆಯಿಲ್‌ಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುವ ಬದಲು ಏರುತ್ತಿದ್ದರೆ ಕೂಡಲೇ ಬದಲಿಸಬೇಕು, ತೆಳುವಾದ ಆಯಿಲ್‌ನ ಮೊದಲ ಬಲಿ ಟರ್ಬೊದ ಬೇರಿಂಗೇ. ದಿನವೂ ಊರೊಳಗೇ ತಿರುಗುವವರಿಗೆ ಪೆಟ್ರೋಲ್ ಕಾರೇ ಯೋಗ್ಯವೆಂಬುದನ್ನು ಮಾರುವವರು ಎಲ್ಲ ಕಾಲಕ್ಕೂ ಹೇಳುವುದಿಲ್ಲ. ಟರ್ಬೊ ಪೆಟ್ರೋಲ್ ಕಾರುಗಳಲ್ಲಿಯೂ ನೀಲಿಹೊಗೆಯ ನಿಯಮಗಳು ಬಹುಮಟ್ಟಿಗೆ ಮೇಲಿನವೇ. ಅಲ್ಲಿ ಹೆಚ್ಚುವರಿ ನಷ್ಟವೆಂದರೆ ಆಯಿಲ್ ಬಿದ್ದು ಕೆಡುವ ಕ್ಯಾಟಲಿಟಿಕ್ ಕನ್ವರ್ಟರ್.

ಹೊಗೆ ತಪಾಸಣೆಯ ಪ್ರಮಾಣಪತ್ರವಿದ್ದರೆ ವಾಹನ ಆರೋಗ್ಯವಾಗಿದೆ ಎಂಬ ಭಾವನೆ ವ್ಯಾಪಕವಾಗಿದೆ. ಡೀಸೆಲ್ ವಾಹನದ ತಪಾಸಣೆ ನಡೆಯುವುದು ನಿಂತ ಸ್ಥಿತಿಯಲ್ಲಿ, ಭಾರವಿಲ್ಲದೆ, ಆಕ್ಸಿಲರೇಟರ್ ಒತ್ತಿ ಬಿಡುವ ಮೂಲಕ. ಬಿಎಸ್-4ಕ್ಕಿಂತ ಹಿಂದಿನ ವಾಹನಗಳಿಗೆ 65, ಬಿಎಸ್-4 ವಾಹನಗಳಿಗೆ 50 ಹಾರ್ಟ್ರಿಜ್ ಯೂನಿಟ್ ಮಿತಿ. ಭಾರವಿಲ್ಲದಾಗ ಟರ್ಬೊ ಪೂರ್ಣ ಒತ್ತಡ ಕಟ್ಟುವುದೇ ಇಲ್ಲವಾದ್ದರಿಂದ ಸೀಳಿದ ಪೈಪಿನ ವಾಹನವೂ ಇಲ್ಲಿ ಪಾಸಾಗಿ ಘಟ್ಟದಲ್ಲಿ ಹೊಗೆ ಕಾರಬಹುದು. ಎದುರು ಸಂದರ್ಭವೂ ಉಂಟು. ಆಯಿಲ್ ಕನಿಷ್ಠ 60 ಡಿಗ್ರಿ ಕಾದಿರಬೇಕೆಂಬ ನಿಯಮ ಕಡೆಗಣಿಸಿ ತಣ್ಣಗಿನ ಎಂಜಿನ್ನಿನ ಮೇಲೆ ಪರೀಕ್ಷೆ ಮಾಡಿದರೆ ಒಳ್ಳೆಯ ವಾಹನವೂ ಫೇಲಾದೀತು. ಮಿತಿ ಮೀರಿದ ಹೊಗೆಗೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190ನೇ ಕಲಮು ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ.

ಟರ್ಬೊ ಬದಲಿಸಲೇಬೇಕಾದಾಗ

ಪರೀಕ್ಷೆಗಳೆಲ್ಲ ಮುಗಿದು ಟರ್ಬೊವೇ ಕೆಟ್ಟಿದೆ ಎಂದು ಖಚಿತವಾದರೆ, ಅದು ಏಕೆ ಕೆಟ್ಟಿತು ಎಂಬ ಪ್ರಶ್ನೆಗೆ ಗ್ಯಾರೇಜಿನವರಿಂದ ಲಿಖಿತ ಉತ್ತರ ಪಡೆಯುವುದು ಉತ್ತಮ. ಹೊಸ ಟರ್ಬೊದ ವಾರಂಟಿ ವ್ಯಾಜ್ಯಗಳು ಬಹುತೇಕ ಇಲ್ಲಿಯೇ ಮುಗ್ಗರಿಸುತ್ತವೆ. ಬೇರಿಂಗಿನಲ್ಲಿ ಆಯಿಲ್ ಕೊರತೆಯ ಅಥವಾ ಕೊಳಕು ಆಯಿಲ್‌ನ ಗುರುತು ಕಂಡರೆ ತಯಾರಕರು ಹೊಣೆ ಒಪ್ಪುವುದಿಲ್ಲ. ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪು ಒಳಗೆ ಕರಕಲು ಕಟ್ಟಿರುತ್ತದೆ. ಅದನ್ನು ತೊಳೆದು ಹಾಕುವ ಬದಲು ಹೊಸದನ್ನೇ ಹಾಕಿಸಬೇಕು. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಮೂರೂ ಹೊಸದಾಗಿರಬೇಕು. ಇಂಟರ್‌ಕೂಲರನ್ನು ಬಿಚ್ಚಿ ಒಳಗಿನ ಆಯಿಲನ್ನೂ ಮುರಿದ ಲೋಹದ ಚೂರುಗಳನ್ನೂ ಪೂರ್ತಿ ತೆಗೆಯಬೇಕು. ಜೋಡಿಸುವಾಗ ಬೇರಿಂಗಿಗೆ ಆಯಿಲ್ ಹನಿಸಿ, ಎಂಜಿನ್ ಹತ್ತದಂತೆ ಕೆಲವು ಸಲ ಸೆಲ್ಫ್ ಹೊಡೆದು ಆಯಿಲ್ ಏರಿದ ಮೇಲೆ ಸ್ಟಾರ್ಟ್ ಮಾಡಬೇಕು.

ಡ್ರೈವರಿಗೆ ಕಲಿಸಬೇಕಾದ ಅಭ್ಯಾಸ ಎರಡೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಆಕ್ಸಿಲರೇಟರ್ ಒತ್ತದಿರುವುದು. ಘಟ್ಟ ಏರಿ ಯಲ್ಲಾಪುರದ ಹೋಟೆಲಿನ ಮುಂದೆ ನಿಲ್ಲಿಸಿದೊಡನೆ ಕೀಲಿ ತೆಗೆಯದೆ ಒಂದೆರಡು ನಿಮಿಷ ಎಂಜಿನ್ನನ್ನು ನಿಂತಲ್ಲೇ ಓಡಲು ಬಿಡುವುದು. ಕೆಂಪಗೆ ಕಾದ ಟರ್ಬೊದೊಳಗೆ ಹರಿವು ನಿಂತ ಆಯಿಲ್ ಕರಕಲಾಗುವುದು ಹೀಗೆ ಅವಸರದಲ್ಲಿ ಕೀಲಿ ತಿರುವಿದಾಗಲೇ.

ಇನ್ನೊಂದು ವಿಷಯ. ಟರ್ಬೊ ಸೋರುತ್ತಿದ್ದ ದಿನಗಳಲ್ಲಿ ಸೈಲೆನ್ಸರಿನ ಹೊಟ್ಟೆಯಲ್ಲಿ ಆಯಿಲ್ ಸಂಗ್ರಹವಾಗಿರುತ್ತದೆ. ಹೊಸ ಟರ್ಬೊ ಹಾಕಿದ ಮೇಲೂ ಅದು ಉರಿದು ಮುಗಿಯುವವರೆಗೆ ಹೊಗೆ ಬರುತ್ತಲೇ ಇರುತ್ತದೆ. ಗ್ಯಾರೇಜಿನ ಬಾಗಿಲಲ್ಲೇ ಜಗಳ ತೆಗೆಯುವ ಬದಲು ಹೆದ್ದಾರಿಯಲ್ಲಿ ಭಾರ ಹಾಕಿ ಒಂದರ್ಧ ಗಂಟೆ ಓಡಿಸಿ ನೋಡಬೇಕು. ಹೊಗೆ ಕ್ರಮೇಣ ತೆಳುವಾದರೆ ಅದು ಹಳೆಯ ಆಯಿಲ್. ಎರಡನೆಯ ದಿನವೂ ಅಷ್ಟೇ ದಟ್ಟವಾಗಿದ್ದರೆ ಆಯಿಲ್ ಇಳಿಯುವ ಪೈಪನ್ನೂ ಬ್ರೀದರನ್ನೂ ಮತ್ತೊಮ್ಮೆ ಬಿಚ್ಚಿಸಬೇಕು.